ತಲೆಭಾರ, ಬೂಷ್ಟು, ತಾರಸಿಯ ಧಗೆ: ಏರ್ ಪ್ಯೂರಿಫೈಯರ್, ಎಸಿ ಕೊಳ್ಳುವ ಮೊದಲು ಆಗಬೇಕಾದ ಕೆಲಸ

ಪ್ರಶ್ನೆ: ಬೆಂಗಳೂರಿನ ಮೈಸೂರು ರಸ್ತೆ ಹತ್ತಿರದ ಅಪಾರ್ಟ್‌ಮೆಂಟ್‌ನ ಕೊನೆಯ ಮಹಡಿಯಲ್ಲಿ ನಮ್ಮ ಸ್ವಂತ ಮನೆ, ಎರಡು ಬೆಡ್‌ರೂಮಿನದು. ಧೂಳಿಗೆ ಹೆದರಿ ಕಿಟಕಿ ಮುಚ್ಚಿಯೇ ಇಡುತ್ತೇವೆ. ಬೆಳಗ್ಗೆ ಏಳುವಾಗ ತಲೆ ಭಾರ. ಐದು ವರ್ಷದ ಮಗಳಿಗೆ ಕೆಮ್ಮು ಬಿಟ್ಟುಬಿಟ್ಟು ಬರುತ್ತದೆ. ಮಳೆಗಾಲದಲ್ಲಿ ವಾರ್ಡ್‌ರೋಬ್ ಹಿಂದೆ ಬೂಷ್ಟು, ಬೇಸಿಗೆಯಲ್ಲಿ ತಾರಸಿಯಿಂದ ಇಳಿಯುವ ಧಗೆ. ನಾವು ಮಲಗುವ ಕೋಣೆಗೆ ಎಸಿ ಇದೆ. ಬಿಲ್ಲು 200 ಯೂನಿಟ್ ದಾಟುತ್ತಿದೆ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆ, ರಾತ್ರಿ ಸೊಳ್ಳೆಗೆ ಕಾಯಿಲ್ ಹಚ್ಚುತ್ತೇವೆ. ಒಂದು ಏರ್ ಪ್ಯೂರಿಫೈಯರ್, ಇನ್ನೊಂದು ಎಸಿ ಕೊಳ್ಳಬೇಕೆಂದಿದ್ದೇವೆ. ಯಾವುದು ಮೊದಲು?

ಉತ್ತರ: ಎರಡೂ ಸದ್ಯಕ್ಕೆ ಬೇಡ. ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಮನೆಯೊಳಗೇ ಹುಟ್ಟುತ್ತಿವೆ, ಕಿಟಕಿ ಮುಚ್ಚಿರುವುದರಿಂದ ಒಳಗೇ ಉಳಿಯುತ್ತಿವೆ. ಹುಟ್ಟುವುದನ್ನು ನಿಲ್ಲಿಸಿ, ಉಳಿದದ್ದು ಹೊರಹೋಗಲು ದಾರಿ ಮಾಡಿ, ತಾರಸಿಯ ಬಿಸಿ ತಡೆದರೆ ಪ್ಯೂರಿಫೈಯರ್‌ಗೆ ಕೆಲಸ ಬಹಳ ಕಡಿಮೆ. ಎರಡನೇ ಎಸಿ ಬಹುಶಃ ಬೇಕಾಗುವುದೇ ಇಲ್ಲ. ಆದರೆ ಒಂದು ಕೆಲಸ ಮಾತ್ರ ಇವತ್ತೇ ಆಗಬೇಕು.

ಗ್ಯಾಸ್ ಗೀಸರ್

ಬಾತ್‌ರೂಮಿನೊಳಗಿನ ಗ್ಯಾಸ್ ಗೀಸರ್ ಬಳಕೆ ಈಗಲೇ ನಿಲ್ಲಿಸಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಗಂಟೆಗೆ ಸುಮಾರು ಒಂದು ಕೆಜಿ ಗ್ಯಾಸ್ ಉರಿಸುತ್ತದೆ. ಒಂದು ಕೆಜಿ ಎಲ್‌ಪಿಜಿ ಪೂರ್ತಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷದ ಸ್ನಾನಕ್ಕೆ ಎರಡು ಘನ ಮೀಟರ್. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದೇ ಆರು ಘನ ಮೀಟರ್ ಚಿಲ್ಲರೆ. ಬಾಗಿಲು ಮುಚ್ಚಿ ಸ್ನಾನಕ್ಕೆ ನಿಂತರೆ, ಮೂರರಲ್ಲೊಂದು ಪಾಲು ಗಾಳಿಯ ಆಮ್ಲಜನಕವನ್ನು ಗೀಸರ್ರೇ ತಿಂದಿರುತ್ತದೆ. ಆಮ್ಲಜನಕ ಇಳಿದ ಹಾಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯೂ ಬರುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಆಮೇಲೆ ಕಾಲಲ್ಲಿ ಬಲವಿಲ್ಲದೆ ಕುಸಿಯುತ್ತಾರೆ. ಬಾಗಿಲ ಚಿಲಕ ತೆಗೆಯುವಷ್ಟೂ ಶಕ್ತಿ ಉಳಿದಿರುವುದಿಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿ ಪದೇ ಪದೇ ಓದುತ್ತಲೇ ಇದ್ದೇವೆ.

ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡರೆ ಸಾಕು ಎಂದು ಹಲವರು ನಂಬಿದ್ದಾರೆ. ಗಾಳಿ ಒಳಬರುವ ದಾರಿ ಇಲ್ಲದೆ ಫ್ಯಾನ್ ಒಂದೇ ಎಳೆದರೆ, ಗೀಸರ್‌ನ ಹೊಗೆ ಕೊಳವೆಯಿಂದಲೇ ಹೊಗೆಯನ್ನು ವಾಪಸ್ ಒಳಗೆಳೆಯುತ್ತದೆ. ಗೀಸರ್ ಯುಟಿಲಿಟಿಯಲ್ಲಿದ್ದು ಅಡುಗೆಮನೆಯ ಚಿಮಣಿ ಜೋರಾಗಿ ಓಡುತ್ತಿದ್ದರೂ ಅದೇ ಅಪಾಯ. ಗ್ಯಾಸ್ ಗೀಸರ್ ಉಳಿಸಿಕೊಳ್ಳಲೇಬೇಕಿದ್ದರೆ ಗ್ರಿಲ್ ಮಾತ್ರ ಇರುವ ತೆರೆದ ಯುಟಿಲಿಟಿಗೋ ಬಾಲ್ಕನಿಗೋ ಹೋಗಲಿ, ಅದರ ಹೊಗೆ ಕೊಳವೆ ಹೊರಗೆ ತೆರೆದುಕೊಳ್ಳಲಿ, ಬಿಸಿನೀರು ಮಾತ್ರ ಪೈಪಿನಲ್ಲಿ ಬಾತ್‌ರೂಮಿಗೆ ಬರಲಿ.

ನನ್ನ ಸಲಹೆ ಅದನ್ನು ತೆಗೆಸಿ 15 ಲೀಟರಿನ ಸ್ಟೋರೇಜ್ ಗೀಸರ್ ಹಾಕಿಸುವುದು. ಲೆಕ್ಕ ನೋಡಿ: 20 ಲೀಟರ್ ನೀರನ್ನು 22 ಡಿಗ್ರಿಯಿಂದ 40ಕ್ಕೆ ತರಲು 0.42 ಯೂನಿಟ್ ಸಾಕು, ಟ್ಯಾಂಕಿನ ನಷ್ಟ ಸೇರಿಸಿದರೂ ಅರ್ಧ ಯೂನಿಟ್. ಅದೇ ನೀರಿಗೆ 40 ಗ್ರಾಂ ಗ್ಯಾಸ್ ಬೇಕು. ನಿಮ್ಮ ಸಿಲಿಂಡರ್ ದರವನ್ನು ಅದರಲ್ಲಿರುವ 14.2 ಕೆಜಿಯಿಂದ ಭಾಗಿಸಿ, 0.04ರಿಂದ ಗುಣಿಸಿ, ಅರ್ಧ ಯೂನಿಟ್ಟಿನ ದರಕ್ಕೆ ಹೋಲಿಸಿ ನೋಡಿ, ಗ್ಯಾಸಿನಿಂದ ಬಕೆಟ್ಟಿಗೆ ಉಳಿಯುವುದು ಕೆಲವು ಪೈಸೆಗಳಿಂದ ಒಂದು ರೂಪಾಯಿಯೊಳಗೆ. ಆ ಉಳಿತಾಯಕ್ಕಾಗಿ ಈ ಅಪಾಯ ಹೊತ್ತುಕೊಳ್ಳಬಾರದು. ಗೀಸರ್ ಅನ್ನು ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಆರಿಸಿಯೇ ಒಳಗೆ ಹೋಗುವ ಅಭ್ಯಾಸವಾದರೆ ಬಿಲ್ಲೂ ಏರುವುದಿಲ್ಲ.

ಜೊತೆಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತನ್ನಿ. ಇಂಥ ಅಲಾರಂಗಳ ಯುರೋಪಿನ ಗುಣಮಟ್ಟದ ಗುರುತು ಇಎನ್ 50291, ಅದು ನಮೂದಾಗಿರುವುದನ್ನು ನೋಡಿ ಕೊಳ್ಳಿ. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ಬೇರೆ, ಇದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಡಿಟೆಕ್ಟರ್ ನೆಲದಿಂದ ಒಂದಡಿಯೊಳಗೆ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಗಾಳಿಯಲ್ಲಿ ಬೆರೆತು ಹೋಗುತ್ತದೆ, ಅದರ ಅಲಾರಂ ಮಲಗುವ ಕೋಣೆಯ ಹತ್ತಿರ ಮುಖದ ಎತ್ತರದಲ್ಲಿರಲಿ.

ಬೆಳಗಿನ ತಲೆಭಾರ

ನೀವು ಬೆಡ್‌ರೂಮಿನಲ್ಲಿ ಬಾಗಿಲು, ಕಿಟಕಿ ಮುಚ್ಚಿ ಎಸಿ ಹಾಕಿ ಮಲಗುತ್ತೀರಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇರುತ್ತದೆ. ಇಬ್ಬರು ದೊಡ್ಡವರು, ಒಂದು ಮಗು ಮಲಗಿದರೆ ಗಂಟೆಗೆ ಸುಮಾರು 30 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ 425 ಪಿಪಿಎಂ ಆಸುಪಾಸು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 425 ಪಾಲು. ಇಂಥ ಕೋಣೆಯಲ್ಲಿ ನಸುಕಿನ ಹೊತ್ತಿಗೆ 2000, 2500 ದಾಟುವುದು ಮಾಮೂಲು. ವಿಷವೇನಲ್ಲ, ಆದರೆ ನಿದ್ದೆ ಕೆಡುತ್ತದೆ, ತಲೆ ಭಾರವಾಗುತ್ತದೆ, ಉಸಿರಿನ ತೇವವೂ ಕೋಣೆಯಲ್ಲೇ ಕೂರುತ್ತದೆ.

ಮೂವರಿಗೆ ಗಂಟೆಗೆ 80 ಘನ ಮೀಟರ್ ಹೊಸ ಗಾಳಿ ಸಾಕು. ಅದಕ್ಕೆ ಗೋಡೆ ಕೊರೆಯಬೇಕಿಲ್ಲ. ಅಟ್ಯಾಚ್ಡ್ ಬಾತ್‌ರೂಮಿದ್ದರೆ ಅಲ್ಲಿ ನಾಲ್ಕಿಂಚಿನ ಎಕ್ಸಾಸ್ಟ್ ಫ್ಯಾನ್ ರಾತ್ರಿಯಿಡೀ ಓಡಲಿ, ಬಾತ್‌ರೂಮಿನ ಬಾಗಿಲು ನಾಲ್ಕು ಬೆರಳು ತೆರೆದಿರಲಿ, ರಸ್ತೆಗೆ ಬೆನ್ನು ಮಾಡಿದ ಕಿಟಕಿ ಒಂದಿಂಚು ಸರಿದಿರಲಿ. ಇಂಥ ಫ್ಯಾನಿಗೆ 15ರಿಂದ 20 ವಾಟ್, ಎಂಟು ಗಂಟೆಗೆ ಒಂದು ಯೂನಿಟ್ಟಿನ ಆರನೇ ಒಂದು ಪಾಲೂ ಆಗುವುದಿಲ್ಲ. ಗ್ಯಾಸ್ ಗೀಸರ್ ತೆಗೆಸಿದ ಮೇಲೆಯೇ ಇದನ್ನು ಮಾಡಿ. ಕಾರಣ ಮೇಲೆ ಹೇಳಿದ್ದೇನೆ. ಎಸಿ ಹಾಕಿ ಕಿಟಕಿ ತೆರೆದರೆ ಕರೆಂಟ್ ದಂಡವಲ್ಲವೇ ಎಂದು ನಿಮಗನಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲೂ ನಡುರಾತ್ರಿ ದಾಟಿದ ಮೇಲೆ ಹೊರಗೆ 22–24 ಡಿಗ್ರಿಗೆ ಇಳಿಯುತ್ತದೆ, ನಿಮ್ಮ ಎಸಿ ಇರುವುದೇ 24–26ಕ್ಕೆ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿರುವಾಗ ಅದನ್ನು ಒಳಗೆ ಬಿಟ್ಟುಕೊಳ್ಳಲು ಅಂಜಬೇಕಿಲ್ಲ. ಇದೇ ಮಾತನ್ನು ಕಲಬುರಗಿಯವರಿಗೂ ಮಂಗಳೂರಿನವರಿಗೂ ಹೇಳಲಾರೆ. ಅಲ್ಲಿನ ಬೇಸಿಗೆಯ ರಾತ್ರಿಗಳೇ ಬೇರೆ.

ಸಾಧ್ಯವಾದರೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳಿ, ಅತಿಗೆಂಪು ಬೆಳಕಿನಿಂದ ಆ ಅನಿಲವನ್ನೇ ನೇರ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವಂಥದ್ದು. ಅಗ್ಗದ ಕೆಲವು ಮೀಟರ್‌ಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ. ಒಗ್ಗರಣೆ ಹಾಕಿದ ಕೂಡಲೇ ಅಂಕಿ ಹಾರಿದರೆ ಅದು ಅಂಥದ್ದೇ ಎಂದು ತಿಳಿಯಿರಿ. ಬೆಳಗ್ಗೆ ಎದ್ದಾಗ 1000 ಪಿಪಿಎಂ ಆಸುಪಾಸು ಕಂಡರೆ ಗಾಳಿಯಾಟ ಚೆನ್ನಾಗಿದೆ.

ಕಾಯಿಲ್ ಮತ್ತು ಹೊಗೆ

ಮಗಳ ಕೆಮ್ಮಿಗೆ ನಾನು ಮೊದಲು ಅನುಮಾನಿಸುವುದು ಕಾಯಿಲನ್ನು. ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಪಿಎಂ 2.5 ಎನ್ನುವ ಈ ಕಣಗಳಿಗೆ ನಮ್ಮ ದೇಶದ ಮಿತಿ 24 ಗಂಟೆಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ರಸ್ತೆಯ ಧೂಳಿಗೆಂದು ಕಿಟಕಿ ಮುಚ್ಚಿ, ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹಚ್ಚಿದರೆ ಹೊರಗಿಗಿಂತ ಒಳಗೇ ಕೆಟ್ಟ ಗಾಳಿ.

ಕಾಯಿಲ್ ಬದಲಿಗೆ ಮೆಶ್. ಆದರೆ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಗೆ ಮೆಶ್ ಹಾಕಿಸಿದ ಮೇಲೂ ಸೊಳ್ಳೆ ಬರುತ್ತದೆ ಎಂಬ ದೂರು ಸಾಮಾನ್ಯ. ಬರುವ ಜಾಗ ಮೂರು: ಎರಡು ಬಾಗಿಲು ಒಂದರ ಮೇಲೊಂದು ಹಾಯುವಲ್ಲಿನ ಸಂದು, ಕೆಳಗಿನ ಟ್ರ್ಯಾಕ್‌ನಲ್ಲಿ ಮಳೆನೀರು ಹೋಗಲೆಂದು ಬಿಟ್ಟ ತೂತು, ಬಾತ್‌ರೂಮಿನ ಗಾಜಿನ ಪಟ್ಟಿಗಳ ವೆಂಟಿಲೇಟರ್. ಸಂದಿಗೆ ಬ್ರಷ್ ಪಟ್ಟಿ ಹಾಕಿಸಿ, ಟ್ರ್ಯಾಕ್ ತೂತಿಗೆ ಚೂರು ಮೆಶ್ ಅಂಟಿಸಿ (ಮುಚ್ಚಿಬಿಡಬೇಡಿ, ನೀರು ಒಳಗೆ ಬರುತ್ತದೆ), ವೆಂಟಿಲೇಟರ್‌ಗೆ ಒಳಗಡೆಯಿಂದ ಮೆಶ್ ಚೌಕಟ್ಟು ಕೂರಿಸಿ. ಮಗಳ ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೆಶ್ ಅನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು; ಮೈಸೂರು ರಸ್ತೆಯ ಧೂಳಿಗೆ ಕಣ್ಣು ಕಟ್ಟಿಕೊಂಡು ಗಾಳಿಯೇ ಬರದಂತಾಗುತ್ತದೆ. ದೇವರ ಮುಂದೆ ಊದುಬತ್ತಿ ಬೆಳಗುವುದನ್ನು ಬಿಡಿ ಎನ್ನುವುದಿಲ್ಲ. ಒಂದು ಸಾಕು, ಆ ಹೊತ್ತಿಗೆ ಕಿಟಕಿ ತೆರೆದಿರಲಿ, ಮಗು ಪಕ್ಕದಲ್ಲಿ ಕೂರದಿರಲಿ.

ಅಡುಗೆಮನೆ ಇದಕ್ಕಿಂತ ದೊಡ್ಡ ಮೂಲ. ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್, ಒಗ್ಗರಣೆ ಮತ್ತು ಕರಿಯುವುದರಿಂದ ಎಣ್ಣೆಯ ಸೂಕ್ಷ್ಮ ಹನಿಗಳು. ಇದರ ಜೊತೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ನೀರು: ಒಂದು ಕೆಜಿ ಎಲ್‌ಪಿಜಿ ಉರಿದರೆ 1.6 ಕೆಜಿ ನೀರಾವಿ ಹುಟ್ಟುತ್ತದೆ. ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರ್ ನೀರು ನಿಮ್ಮ ಮನೆಯ ಗಾಳಿಗೆ ಸೇರಿರುತ್ತದೆ, ಅನ್ನ ಸಾರು ಕುದಿದ ಆವಿ ಬೇರೆ. ವಾರ್ಡ್‌ರೋಬ್ ಹಿಂದಿನ ಬೂಷ್ಟಿಗೆ ಇದೂ ಒಂದು ಪಾಲುದಾರ.

ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಅಡುಗೆಮನೆಗೆ ಗಂಟೆಗೆ 350ರಿಂದ 450 ಘನ ಮೀಟರ್ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು. ಇಂಚಿನ ಲೆಕ್ಕ ನಂಬದೆ ಡಬ್ಬದ ಮೇಲಿನ ಈ ಅಂಕಿಯನ್ನೇ ನೋಡಿ. ಫ್ಯಾನ್ ಒಲೆಯ ಕಡೆಯ ಗೋಡೆಯಲ್ಲಿ, ಆದಷ್ಟು ಎತ್ತರದಲ್ಲಿರಲಿ. ಫ್ಯಾನ್ ಪಕ್ಕದ ಕಿಟಕಿ ಮುಚ್ಚಿ, ಎದುರು ದಿಕ್ಕಿನದು ತೆರೆಯಿರಿ. ಪಕ್ಕದ ಕಿಟಕಿ ತೆರೆದಿದ್ದರೆ ಫ್ಯಾನ್ ಅಲ್ಲಿಂದಲೇ ಗಾಳಿ ಎಳೆದು ಹೊರಗೆ ಹಾಕುತ್ತದೆ, ಒಲೆಯ ಹೊಗೆ ಹಾಲ್‌ಗೆ ಹೋಗುತ್ತದೆ. ಒಂದು ಊದುಬತ್ತಿಯನ್ನು ಒಲೆಯ ಮೇಲೆ ಹಿಡಿದು ನೋಡಿ: ಹೊಗೆಯ ಎಳೆ ನೇರ ಫ್ಯಾನಿನತ್ತ ಬಾಗಬೇಕು. ಅಲ್ಲೇ ಸುಳಿದಾಡಿದರೆ ಒಳಗೆ ಬರುವ ಗಾಳಿ ಸಾಲದು.

ಚಿಮಣಿ ಇದ್ದರೆ ಒಲೆಯಿಂದ 26ರಿಂದ 30 ಇಂಚು ಎತ್ತರ, ಆರಿಂಚಿನ ಪೈಪು, ತಿರುವು ಎರಡಕ್ಕಿಂತ ಹೆಚ್ಚಿಲ್ಲ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ: ಗೋಡೆಯಲ್ಲಿ ನಾಲ್ಕಿಂಚಿನ ತೂತು ಇದೆಯೆಂದು ಪೈಪನ್ನು ಕಿರಿದು ಮಾಡಿ ತುರುಕುತ್ತಾರೆ, ಮಡಿಚುವ ಅಲ್ಯುಮಿನಿಯಂ ಪೈಪನ್ನು ಎಳೆದು ನೆಟ್ಟಗೆ ಮಾಡದೆ ಸುಕ್ಕು ಸುಕ್ಕಾಗಿ ಬಿಡುತ್ತಾರೆ. ಸದ್ದು ಜೋರು, ಎಳೆತ ಇಲ್ಲ. ಹೊರಗೆ ಪೈಪೇ ಇಲ್ಲದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಅಡುಗೆಮನೆಗೇ ವಾಪಸ್ ಬಿಡುವ ಚಿಮಣಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಎಣ್ಣೆ ಹಿಡಿದೀತು, ಆವಿ ಮತ್ತು ಉರಿಯ ಅನಿಲ ಹೋಗುವುದಿಲ್ಲ. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನ್ ಓಡಲಿ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಉರಿ ಹಳದಿಯಾಗಿದ್ದರೆ ಬರ್ನರ್ ಮತ್ತು ಜೆಟ್ ಸ್ವಚ್ಛ ಮಾಡಿಸಿ. ಗ್ಯಾಸ್ ಉಳಿಯುತ್ತದೆ, ಗಾಳಿಯೂ ಉಳಿಯುತ್ತದೆ.

ಬೂಷ್ಟು

ಬಣ್ಣ ಬಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ವಾರ್ಡ್‌ರೋಬ್ ಸರಿಸಿ, ಬೂಷ್ಟನ್ನು ಒರೆಸಿ, ಗೋಡೆಯ ಮೇಲ್ಮೈ ಒಣಗಿದ ಮೇಲೆ ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ: ತಾರಸಿಯ ಪ್ಯಾರಾಪೆಟ್ ಬುಡದ ಬಿರುಕು, ಮಳೆನೀರು ಪೈಪಿನ ಸುತ್ತಲಿನ ಗಾರೆ, ಹೊರಗೋಡೆಯ ಕೂದಲೆಳೆ ಬಿರುಕು ಇವನ್ನು ನೋಡಿಸಿ. ಹಾಳೆಯ ಮುಂದೆ, ಕೋಣೆಯ ಕಡೆ ತೇವ ಕಂಡರೆ ಅದು ಒಳಗಿನ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗಿದ್ದು. ಆಗ ವಾಟರ್‌ಪ್ರೂಫಿಂಗ್‌ಗೆ ಸಾವಿರಾರು ರೂಪಾಯಿ ಸುರಿದರೂ ಬೂಷ್ಟು ಮತ್ತೆ ಬರುತ್ತದೆ. ವಾರ್ಡ್‌ರೋಬ್ ಗೋಡೆಯಿಂದ ಮೂರಿಂಚು ದೂರವಿರಲಿ, ಮಳೆಗಾಲದಲ್ಲಿ ಒದ್ದೆ ಬಟ್ಟೆ ಬೆಡ್‌ರೂಮಿನಲ್ಲಿ ಹರಡಬೇಡಿ, ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮೀಟರ್ ಗೋಡೆಯ ಹತ್ತಿರ ಇಡಿ. ಶೇಕಡ 60ರೊಳಗಿದ್ದರೆ ಚೆನ್ನ. ದಿನಗಟ್ಟಲೆ 70 ದಾಟಿದರೆ ಬೂಷ್ಟು ಬಂದೇ ಬರುತ್ತದೆ.

ಇರುವ ಬೂಷ್ಟನ್ನು ಒಣ ಬ್ರಷ್‌ನಿಂದ ಕೆರೆದರೆ ಅದರ ಬೀಜಕಣ ಮನೆಯೆಲ್ಲ ಹರಡುತ್ತದೆ. ಮಾಸ್ಕ್ ಹಾಕಿ, ಸೋಪಿನ ನೀರಿನಿಂದ ಒದ್ದೆ ಮಾಡಿ ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ಆಸಿಡ್ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ತಾರಸಿಯ ಧಗೆ ಮತ್ತು ಬಿಲ್ಲು

ಏಪ್ರಿಲ್ ಮಧ್ಯಾಹ್ನ ಬರಿಯ ಕಾಂಕ್ರೀಟ್ ತಾರಸಿಯ ಮೇಲ್ಮೈ 50 ಡಿಗ್ರಿ ದಾಟುತ್ತದೆ. ಐದಾರು ಇಂಚಿನ ಆರ್‌ಸಿಸಿಯ ಮೂಲಕ ಆ ಬಿಸಿ ಇಳಿಯಲು ನಾಲ್ಕೈದು ಗಂಟೆ ಬೇಕು. ಆದ್ದರಿಂದ ಹೊರಗೆ ತಂಪಾದ ಮೇಲೂ, ರಾತ್ರಿ ಎಂಟು ಒಂಬತ್ತಕ್ಕೆ ನಿಮ್ಮ ಸೀಲಿಂಗ್ ಕಾದೇ ಇರುತ್ತದೆ, ಫ್ಯಾನ್ ಆ ಬಿಸಿಗಾಳಿಯನ್ನೇ ತಲೆಯ ಮೇಲೆ ಹೊಡೆಯುತ್ತದೆ. ಎಸಿ ಆಗ ಕೋಣೆಯ ಗಾಳಿಯ ಜೊತೆಗೆ ತಾರಸಿಯನ್ನೂ ತಣಿಸಲು ಹೆಣಗುತ್ತಿರುತ್ತದೆ.

ಪರಿಹಾರ ಬಿಳಿ ಬಣ್ಣ. ಸೌರ ಪ್ರತಿಫಲನ ಸೂಚ್ಯಂಕ, ಅಂದರೆ ಎಸ್‌ಆರ್‌ಐ, 100ರ ಮೇಲಿರುವ ಕೂಲ್ ರೂಫ್ ಕೋಟಿಂಗ್ ಎರಡು ಪದರ ಹಾಕಿಸಿದರೆ ಕೋಣೆಯೊಳಗೆ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಎರಡು ಪದರಕ್ಕೆ ಲೀಟರಿಗೆ 20ರಿಂದ 30 ಚದರಡಿ ಲೆಕ್ಕ ಹಿಡಿಯಿರಿ. ಸಾವಿರ ಚದರಡಿಗೆ 35ರಿಂದ 50 ಲೀಟರ್. ತಾರಸಿ ಎಲ್ಲರಿಗೂ ಸೇರಿದ್ದಾದ್ದರಿಂದ ಸಂಘದ ಒಪ್ಪಿಗೆ ಬೇಕು. ಬಿರುಕು ತುಂಬುವುದರಿಂದ ನೀರು ಸೋರುವುದೂ ಕಡಿಮೆಯಾಗುತ್ತದೆ ಎಂದರೆ ಒಪ್ಪಿಸುವುದು ಸುಲಭ. ಕೆಲಸ ಜನವರಿ, ಫೆಬ್ರವರಿಯಲ್ಲಿ ಆಗಲಿ. ಪಾಚಿಯನ್ನು ತಂತಿ ಬ್ರಷ್‌ನಿಂದ ತಿಕ್ಕಿ ತೊಳೆದು, ಬಿರುಕು ತುಂಬಿ, ಎರಡು ದಿನ ಬಿಸಿಲಿಗೆ ಒಣಗಲು ಬಿಟ್ಟು, ಡಬ್ಬದಲ್ಲಿ ಹೇಳಿದಷ್ಟೇ ನೀರು ಬೆರೆಸಿ ಮೊದಲ ಪದರ. ಅದು ಪೂರ್ತಿ ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಎರಡನೆಯದು. ಒಂದು ಮಳೆಗಾಲಕ್ಕೇ ಸಿಪ್ಪೆ ಎದ್ದಿತು ಎನ್ನುವವರ ತಾರಸಿಯಲ್ಲಿ ಸಾಮಾನ್ಯವಾಗಿ ಪಾಚಿಯ ಮೇಲೋ ತೇವದ ಮೇಲೋ ಬಳಿದಿರುತ್ತಾರೆ, ಇಲ್ಲವೇ ಬಣ್ಣ ಸಾಲದೆ ನೀರು ಹೆಚ್ಚು ಸುರಿದಿರುತ್ತಾರೆ. ಪ್ರತಿವರ್ಷ ಮಾರ್ಚ್‌ಗೆ ಮೊದಲು ಧೂಳು ತೊಳೆಯಬೇಕು. ಕಂದು ಬಣ್ಣಕ್ಕೆ ತಿರುಗಿದ ಬಿಳಿ ಬಣ್ಣ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗೆ ಬಿಟ್ಟ ಬಿದಿರಿನ ತಟ್ಟಿ ಹೆಚ್ಚು ತಡೆಯುತ್ತದೆ. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಕಾದು, ಆ ಬಿಸಿ ಕೋಣೆಗೇ ಸೇರುತ್ತದೆ.

ಕಿಟಕಿ ಯಾವಾಗ ತೆರೆಯಬೇಕು ಎನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ ಎದುರುಬದುರು ಕಿಟಕಿ ತೆರೆದು, ಬಿಸಿಲೇರುವ ಮೊದಲು ಮುಚ್ಚಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಇದಕ್ಕೆ ತದ್ವಿರುದ್ಧ: ಮುಂಜಾವಿನ ತಣ್ಣನೆ ಗಾಳಿಯಲ್ಲಿ ವಾಹನದ ಹೊಗೆ ನೆಲಮಟ್ಟದಲ್ಲೇ ನಿಂತಿರುತ್ತದೆ, ಆದ್ದರಿಂದ ಹನ್ನೊಂದರಿಂದ ನಾಲ್ಕರವರೆಗೆ ತೆರೆಯಿರಿ. ಎರಡು ಕಾಲದಲ್ಲೂ ರಸ್ತೆ ಕಡೆಯ ಕಿಟಕಿ ಸಂಜೆಯ ಟ್ರಾಫಿಕ್ ಹೊತ್ತಿಗೆ ಮುಚ್ಚಿರಲಿ.

ಬಿಲ್ಲಿಗೆ ಬರೋಣ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್, ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 28ರಿಂದ 35. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ, ಮೂರಕ್ಕೆ 48. ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿಕೊಳ್ಳಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ಕರೆಂಟ್ ಉಳಿಯುತ್ತದೆ. ಎಸಿಯ ಜಾಲರಿ ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ. ಗೃಹಜ್ಯೋತಿಯಲ್ಲಿ ನೋಂದಾಯಿಸಿದ್ದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ, ಆದ್ದರಿಂದ ನಿಮ್ಮ ಪಾಲಿಗೆ ಈ ನಲವತ್ತೆಂಟು ಯೂನಿಟ್‌ಗಳ ಬೆಲೆ ದೊಡ್ಡದು.

ಇನ್ನು ಪ್ಯೂರಿಫೈಯರ್. ಮೇಲಿನದೆಲ್ಲ ಆಗಿ ಒಂದು ತಿಂಗಳ ಮೇಲೂ ಮಗಳ ಕೋಣೆಯಲ್ಲಿ ಪಿಎಂ 2.5 ಹೆಚ್ಚಿದ್ದರೆ ಕೊಳ್ಳಿ. ಹನ್ನೆರಡು ಅಡಿ ಚೌಕದ ಕೋಣೆಗೆ ಸಿಎಡಿಆರ್, ಅಂದರೆ ಅದು ಶುದ್ಧ ಮಾಡಿ ಕೊಡುವ ಗಾಳಿಯ ಪ್ರಮಾಣ, ಗಂಟೆಗೆ 200 ಘನ ಮೀಟರ್ ಬೇಕು, ಅದೂ ಮಧ್ಯಮ ವೇಗದಲ್ಲಿ ಸಿಗುವಂತಿರಲಿ. ಪೂರ್ತಿ ವೇಗದ ಸದ್ದಿಗೆ ಯಾರೂ ಮಲಗುವುದಿಲ್ಲ. ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಇರಲಿ, ಓಝೋನ್ ಬಿಡುವ ಅಯಾನೈಸರ್ ಬೇಡ, ಬದಲಿ ಫಿಲ್ಟರಿನ ಬೆಲೆ ಕೇಳಿಯೇ ಕೊಳ್ಳಿ. ಪ್ಯೂರಿಫೈಯರ್ ಕಣ ಹಿಡಿಯುತ್ತದೆ ಅಷ್ಟೇ. ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ತೇವ ಇವನ್ನು ಮುಟ್ಟುವುದಿಲ್ಲ. ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಎಂಬುದು 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದಿಂದ ಹಬ್ಬಿದ ಮಾತು. ಕಿಟಕಿಯಿಂದ ಬರುವ ಗಾಳಿಗೆ ಸರಿಗಟ್ಟಲು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಕಣ್ಣಿಗೆ ಚೆಂದವೆಂದು ಗಿಡ ಇಟ್ಟುಕೊಳ್ಳಿ, ಗಾಳಿಗೆಂದು ಬೇಡ. ಮಗಳ ಕೆಮ್ಮು ಎರಡು ಮೂರು ವಾರವಾದರೂ ನಿಲ್ಲದಿದ್ದರೆ, ಅಥವಾ ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಇವೆಲ್ಲ ಮುಗಿಯಲಿ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.

ಎರಡನೇ ಎಸಿಯ ತೀರ್ಮಾನ ತಾರಸಿಗೆ ಬಿಳಿ ಬಣ್ಣ ಬಿದ್ದ ಮೇಲಿನ ಮೊದಲ ಮೇ ತಿಂಗಳಿಗೆ ಬಿಡಿ. ಕಿಟಕಿ ತೆರೆದು ಒಂದು ಗಂಟೆಯಾದ ಮೇಲೆ, ರಾತ್ರಿ ಹತ್ತಕ್ಕೆ ಮಗಳ ಕೋಣೆಯ ತಾಪಮಾನ ನೋಡಿ. ಒಂದು ವಾರ ಪೂರ್ತಿ 30 ಡಿಗ್ರಿಯ ಮೇಲೇ ಇದ್ದರೆ ಒಂದು ಟನ್ನಿನ ಐದು ಸ್ಟಾರ್ ಇನ್ವರ್ಟರ್ ಎಸಿ ಸಾಕು. 29ರೊಳಗಿದ್ದರೆ ಬಿಎಲ್‌ಡಿಸಿ ಫ್ಯಾನಿನಲ್ಲೇ ಆಕೆ ಚೆನ್ನಾಗಿ ನಿದ್ದೆ ಮಾಡುತ್ತಾಳೆ.